ಕೈದಿಗೂ ಓಟು ಇರುವ ಊರಿನಲ್ಲಿ ಮೂರು ತಿಂಗಳು

ಕಮಲಾಪುರ

ಮನೆ ಬಿಟ್ಟು ಮೂರು ತಿಂಗಳು ಹೊರಗೆ ಇದ್ದದ್ದು ನನ್ನ ಜನ್ಮದಲ್ಲಿ ಎರಡೇ ಸಲ. ಒಮ್ಮೆ ಕಲಬುರಗಿಯ ಜೈಲಿನಲ್ಲಿ, ಇನ್ನೊಮ್ಮೆ ನಾರ್ವೆ ದೇಶದಲ್ಲಿ. ಮೊದಲನೆಯದಕ್ಕೆ ಸರ್ಕಾರದವರೇ ಗಾಡಿ ಕಳಿಸಿದ್ದರು, ಎರಡನೆಯದಕ್ಕೆ ಮಗಳು ಟಿಕೆಟ್ ಕಳಿಸಿದಳು. ಎರಡೂ ಕಡೆ ಊಟ ಸಪ್ಪೆ. ಎರಡೂ ಕಡೆ ಯಾವುದನ್ನು ಎಲ್ಲಿ ಇಡಬೇಕು, ಯಾವಾಗ ಮಲಗಬೇಕು ಎಂದು ಬೇರೆಯವರು ಹೇಳುತ್ತಿದ್ದರು. ಆದರೆ ನಾರ್ವೆಯಲ್ಲಿ ನನ್ನ ಮೊಮ್ಮಗಳು ಇದ್ದಳು. ಅದಕ್ಕೇ ಅದನ್ನು ಪ್ರವಾಸ ಎನ್ನುತ್ತೇನೆ.

ಮೊಮ್ಮಗಳ ಹೆಸರು ಗೌರಿ. ಮಗಳು ಮಹಾದೇವಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ಬಣ್ಣ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನದು, ಮೆತ್ತಗಿರುವುದೂ ಹಾಗೇ. ಅಜ್ಜಿಯೇ ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಆಗಲಿ, ತೆಗೆಯಲು ನಾನೇ ಇದ್ದೇನೆ. ಅಂಥ ಕೂಸು ನಮ್ಮ ಓಣಿಯಲ್ಲಿ ಹುಟ್ಟಿಲ್ಲ, ನಾರ್ವೆಯಲ್ಲಂತೂ ಹುಟ್ಟಲು ಸಾಧ್ಯವೇ ಇಲ್ಲ. ಇವಳೊಬ್ಬಳು ಹೇಗೋ ಹುಟ್ಟಿದ್ದಾಳೆ.

ಜೈಲಿನ ಮಾತು ಮೊದಲೇ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಓದುವವರು ನನ್ನನ್ನು ದರೋಡೆಕೋರಳು ಎಂದು ತಿಳಿದಾರು. ನಾನು ಕಾಶೀಬಾಯಿ, ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವವಳು. ನಾವು ಹೆಂಗಸರು ಬುಟ್ಟಿ ಹೊತ್ತು ರಸ್ತೆಯಲ್ಲಿ ಸರ್ಕಾರಿ ಬಸ್ಸಿಗೆ ನಿಂತರೆ ಒಬ್ಬ ಡ್ರೈವರ್ ಬುಟ್ಟಿ ನೋಡಿಯೇ ಗಾಡಿ ಜೋರು ಮಾಡುತ್ತಿದ್ದ. ಒಂದು ದಿನ, ಎರಡು ದಿನ, ಒಂದು ವಾರ ನೋಡಿದೆ. ಎಂಟನೇ ದಿನ ಕೈಯಲ್ಲಿದ್ದ ಗೊನೆಯನ್ನೇ ಎತ್ತಿ ಒಗೆದೆ. ಗೊನೆ ಇನ್ನೂ ಕಾಯಿ ಇತ್ತು. ಹಣ್ಣಾಗಿದ್ದರೆ ಬಸ್ಸಿನ ಮುಂದಿನ ಗಾಜು ಉಳಿಯುತ್ತಿತ್ತು.

ಕೋರ್ಟಿನಲ್ಲಿ ವಕೀಲರು ಕಿವಿಯಲ್ಲಿ ಹೇಳಿದ್ದರು: "ಕಾಕಿ, ತಪ್ಪಾಗ್ಯಾದ್ರಿ ಸಾಹೇಬ್ರೆ ಅಂತ ಅಷ್ಟೇ ಅನ್ರಿ. ಮುಂದ ಒಂದ್ ಮಾತೂ ಬ್ಯಾಡ."

ಸಾಹೇಬರು ಕೇಳಿದರು, ಒಗೆದದ್ದು ನೀವೇನಾ ಎಂದು.

"ಹೌದ್ರೀ, ನಾನೇ ಒಗದೀನಿ. ನಾಳಿ ನಿಲ್ಸಲಿಲ್ಲಂದ್ರ ನಾಳೀನೂ ಒಗೀತೀನಿ."

ವಕೀಲರು ತಲೆಯ ಮೇಲೆ ಕೈ ಇಟ್ಟುಕೊಂಡರು. ಸರ್ಕಾರಿ ಆಸ್ತಿ ಹಾಳು ಮಾಡಿದ್ದಕ್ಕೆ ಮೂರು ತಿಂಗಳಾಯಿತು.

ಆ ಮೂರು ತಿಂಗಳಲ್ಲೇ ಒಂದು ಚುನಾವಣೆ ಬಂತು. ಗೋಡೆಯ ಆಚೆ, ಗಂಡಸರ ಕಡೆ, ನಮ್ಮ ಸೀಮೆಯ ಒಬ್ಬ ಧಣಿ ಇದ್ದ. ಅವನ ಮೇಲಿದ್ದ ಕೇಸುಗಳನ್ನು ಹೇಳಲು ಹೊರಟರೆ ನಾರ್ವೆ ಮುಟ್ಟುವುದು ತಡವಾಗುತ್ತದೆ. ಕೇಸು ಇನ್ನೂ ನಡೆದಿದ್ದರಿಂದ ಅವನು ಒಳಗಿದ್ದೇ ಚುನಾವಣೆಗೆ ನಿಂತ. ಓಟಿನ ದಿನ ನಾನು ಬೆಳಿಗ್ಗೆ ಎದ್ದು ಮೈತೊಳೆದು, ತಲೆ ಬಾಚಿ, ಬಾಗಿಲಿನಲ್ಲಿ ನಿಂತೆ.

"ಗಾಡಿ ಯಾವಾಗ ಬರ್ತದ್ರಿ ಬಾಯಿ?" ಎಂದೆ ಕಾವಲಿನ ಹೆಂಗಸಿಗೆ.

"ಯಾ ಗಾಡಿ?"

"ಓಟ್ ಹಾಕಾಕ ಕರ್ಕೊಂಡ್ ಹೋಗಾಕ."

ಅವಳು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. "ಜೈಲಿಗಿ ಬಂದವ್ರಿಗಿ ಎಲ್ಲೀ ಓಟ್ ಬೇ? ಹೋಗಿ ಅಕ್ಕಿ ಆರ್ಸು."

ಎಷ್ಟು ದಿನದ ತನಕ ಇಲ್ಲ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಜನ್ಮಕ್ಕೇ ಇಲ್ಲ ಎಂದು ತಿಳಿದು ಅಕ್ಕಿ ಆರಿಸಿದೆ. ಆಚೆ ಕಡೆ ಧಣಿ ಗೆದ್ದ. ಅಂದರೆ ಕಾನೂನು ಹೀಗಿದೆ: ಒಳಗಿದ್ದವರು ಬಟನ್ ಒತ್ತುವ ಹಾಗಿಲ್ಲ, ಬಟನ್ನಿನ ಪಕ್ಕದ ಫೋಟೋ ಆಗಬಹುದು. ಅವನಿಗೆ ಜಾಮೀನು ಸಿಕ್ಕಿದ್ದೂ ನನ್ನ ಶಿಕ್ಷೆ ಮುಗಿದದ್ದೂ ಒಂದೇ ವಾರದಲ್ಲಿ. ಅವನನ್ನು ಕರೆದೊಯ್ಯಲು ಹಲಗೆಯ ಬಡಿತ, ಪಟಾಕಿ, ಮೂವತ್ತು ಜೀಪು ಬಂದವು. ನನ್ನನ್ನು ಕರೆದೊಯ್ಯಲು ನಮ್ಮ ಮನೆಯವರು ಬಂದರು, ಅವರೂ ಬಸ್ಸು ಸಿಗದೆ ತಡವಾಗಿ.

ಮನೆಗೆ ಬಂದ ಮರುದಿನವೇ ನಾನು ಓಟಿನ ಕಾರ್ಡನ್ನು ಅರಿವೆಯಲ್ಲಿ ಸುತ್ತಿಕೊಂಡು ಹೋಗಿ ಸಾಲೆಯ ಮಾಸ್ತರರ ಕೈಗೆ ಕೊಟ್ಟುಬಿಟ್ಟೆ. ನಮ್ಮ ಓಣಿಯ ಮತದಾರರ ಪಟ್ಟಿ ನೋಡುವವರು ಅವರೇ. ನನ್ನದಲ್ಲದ ವಸ್ತು ಮನೆಯಲ್ಲಿ ಇಟ್ಟುಕೊಂಡರೆ ಅದು ಇನ್ನೊಂದು ಕೇಸು. ಅಂದಿನಿಂದ ಹನ್ನೊಂದು ವರ್ಷ, ಓಟಿನ ದಿನ ಬಂದಾಗಲೆಲ್ಲ ನಾನು ಸಾಲಿನಲ್ಲಿ ನಿಂತವರಿಗೆ ಬಾಳೆಹಣ್ಣು ಮಾರಿದೆ. ವ್ಯಾಪಾರ ಚೆನ್ನಾಗಿಯೇ ಆಗುತ್ತಿತ್ತು. ಯಾರಾದರೂ ಕಾಕಿ, ನಿಮ್ಮದಾಯ್ತಾ ಎಂದು ಕೇಳಿದರೆ ಮಾತ್ರ ಚಿಲ್ಲರೆ ಹುಡುಕುವವಳಂತೆ ತಲೆ ಬಗ್ಗಿಸುತ್ತಿದ್ದೆ.

ಕಲಬುರಗಿ

ನಾರ್ವೆಗೆ ಬರಲು ಪಾಸ್‌ಪೋರ್ಟ್ ಮಾಡಿಸು ಎಂದು ಮಗಳು ಹೇಳಿದಾಗ ನನ್ನ ಎದೆ ಒಡೆದಿತ್ತು. ಕೂಸಿನ ಮುಖ ಫೋನಿನಲ್ಲೇ ನೋಡಿ ಸಾಯಬೇಕು ಎಂದುಕೊಂಡೆ. ವಿಚಾರಣೆಗೆ ಬಂದ ಪೊಲೀಸರು ಕಾಗದ ತಿರುವಿ ಹಾಕಿ ನಕ್ಕರು. "ಮೂರ್ ತಿಂಗಳದ್ದಾ? ಅದೆಲ್ಲ ಹಳೇದು ಕಾಕಿ. ಫಿಕರ್ ಮಾಡಬ್ಯಾಡ್ರಿ. ಗೊನಿ ಮಾತ್ರ ಕೈಯಾಗ ಹಿಡಕೊಂಡ್ ವಿಮಾನ ಹತ್ತಬ್ಯಾಡ್ರಿ." ಹೋಗುವಾಗ ಒಂದು ಚಿಪ್ಪು ಹಣ್ಣನ್ನು ಅವರೇ ಕೈಯಲ್ಲಿ ಹಿಡಿದುಕೊಂಡು ಹೋದರು. ದೇಶ ಬಿಟ್ಟು ಹೋಗಲು ನನಗೆ ಅಡ್ಡಿಯಿರಲಿಲ್ಲ. ಕಮಲಾಪುರದ ಸಾಲೆಯೊಳಗೆ ಹೋಗಿ ಒಂದು ಬಟನ್ ಒತ್ತಲು ಮಾತ್ರ ಅಡ್ಡಿ ಎಂದು ನಾನು ತಿಳಿದಿದ್ದೆ.

ನೆಹರು ಗಂಜಿನ ಪೇಟೆಯಲ್ಲಿ ಬೀಗರ ತೊಗರಿ ಬೇಳೆಯ ಅಂಗಡಿ. ಮೊಮ್ಮಗಳಿಗೆಂದು ಬೇಳೆ ಕಟ್ಟಿಕೊಟ್ಟರು. ಕೂಸಿಗೆ ಇನ್ನೂ ಹಲ್ಲಿಲ್ಲ ಎಂದರೆ, ಬರುತ್ತವಲ್ಲ ಎಂದರು. ಹೊರಡುವಾಗ ಬೀಗತಿ ನನ್ನನ್ನು ಮೂಲೆಗೆ ಕರೆದಳು.

"ಬೀಗತಿ, ಒಂದ್ ಮಾತು. ಅಲ್ಲಿ ಜೈಲಿನ ಸುದ್ದಿ ತೆಗೀಬ್ಯಾಡ್ರಿ. ಭಾಳ ಕಾಯ್ದೆ ಮಂದಿ ಅಂತ ಅವ್ರು. ಕೇಸ್ ಆದವ್ರಿಗಿ ಕೂಸು ಮುಟ್ಟಾಕ ಬಿಡ್ತಾರೋ ಇಲ್ಲೋ."

ಆ ಮಾತು ಬೇಳೆಯ ಗಂಟಿಗಿಂತ ಭಾರವಾಯಿತು. ನಾರ್ವೆಯ ವಿಮಾನ ನಿಲ್ದಾಣದಲ್ಲಿ ಇಳಿದು ಹೋಗುತ್ತಿದ್ದರೆ ಪೊಲೀಸರ ನಾಯಿಯೊಂದು ಸೀದಾ ನನ್ನ ಹತ್ತಿರ ಬಂದು ಕುಳಿತುಬಿಟ್ಟಿತು. ನಾಯಿಗೂ ನನ್ನ ಕೇಸು ಗೊತ್ತಾಗಿದೆ ಎಂದುಕೊಂಡೆ. ಅದು ಮೂಸಿದ್ದು ನನ್ನ ಚೀಲದ ಶೇಂಗಾ ಹಿಂಡಿಯನ್ನು, ಖಾರದ ಚಟ್ನಿಪುಡಿಯನ್ನು. ಪೊಲೀಸ್ ಹೆಣ್ಣುಮಗಳು ಡಬ್ಬಿ ತೆರೆದು ಮೂಸಿ, ಮೂರು ಸಲ ಸೀನಿ, ಕೈ ಮುಗಿದು ಕಳಿಸಿಕೊಟ್ಟಳು.

ನಾರ್ವೆ, ಮೊದಲ ವಾರಗಳು

ಮಗಳು ಅಲ್ಲಿ ಮುದುಕರ ಆಶ್ರಮದಲ್ಲಿ ನರ್ಸ್. ಅಳಿಯಂದಿರು ಮೀನು ಸಾಕುವವರ ಯಂತ್ರ ರಿಪೇರಿ ಮಾಡುತ್ತಾರೆ. ಸಮುದ್ರದ ದಂಡೆಯ ಸಣ್ಣ ಊರು. ಅಷ್ಟು ಚೊಕ್ಕಟವೆಂದರೆ ಹೆಜ್ಜೆ ಇಡಲು ನಾಚಿಕೆ. ಜನ ಮಾತ್ರ ಮಾತಾಡುವುದಿಲ್ಲ. ಬಸ್ಸಿಗೆ ನಿಂತರೆ ಒಬ್ಬರಿಂದ ಒಬ್ಬರು ಎರಡು ಮಾರು ದೂರ, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಮರುದಿನ ನಿಲ್ಲುತ್ತಾರಲ್ಲ ಹಾಗೆ.

ಹೋದ ಮೊದಲ ದಿನವೇ ಕೂಸನ್ನು ಎತ್ತಿ, ಕಣ್ಣಿಗೆ ಕಾಡಿಗೆ, ಕೆನ್ನೆಗೆ ಬೊಟ್ಟು ಇಟ್ಟೆ. ತೂಕ ನೋಡಲು ಬಂದ ದಾದಿ ಬೊಟ್ಟನ್ನು ಕಲೆ ಎಂದು ತಿಳಿದು ಒರೆಸಿದಳು. ನಾನು ಮತ್ತೆ ಇಟ್ಟೆ, ಅವಳು ಮತ್ತೆ ಒರೆಸಿದಳು. ಮೂರನೆಯ ಸಲ ಅವಳ ಕೆನ್ನೆಗೂ ಒಂದು ಇಟ್ಟೆ. ಅದನ್ನು ಒರೆಸಿಕೊಳ್ಳದೆ ಹಾಗೇ ಹೋದಳು.

ಮಧ್ಯಾಹ್ನ ಮಗಳು ಕೂಸನ್ನು ಗಾಡಿಯಲ್ಲಿ ಮಲಗಿಸಿ, ಆ ಗಾಳಿಯಲ್ಲಿ, ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದಳು.

"ಏ ಮಾದೇವಿ! ಕೂಸು ಹೊರಗ ಉಳೀತಲ್ಲ!"

"ಇಲ್ಲಿ ಎಲ್ಲಾರೂ ಹಂಗೇ ಮಲಗಸ್ತಾರ ಯವ್ವಾ. ಗಾಳಿ ಛಲೋ ಅಂತ."

"ನಿನಗ ಒಂಬತ್ತ್ ವರ್ಷಕ್ಕ ಒಂದ್ ಸಿಕ್ಕಾದ. ಅದನ್ನ ಒಣಾ ಹಾಕ್ತಿ?"

ನಾನು ಕಂಬಳಿ ಹೊದ್ದು ಗಾಡಿಯ ಪಕ್ಕ ಕುಳಿತು ಕಾದೆ. ಪಕ್ಕದ ಮನೆಯ ಇಂಗ್ರಿಡ್ ನನ್ನ ವಯಸ್ಸಿನ ಮುದುಕಿ. ಮೊದಲು ಸಾಲೆಯಲ್ಲಿ ಕಲಿಸುತ್ತಿದ್ದವಳು. ಅವಳು ಎರಡು ದಿನ ಕಿಟಕಿಯಿಂದ ನೋಡಿ, ಮೂರನೆಯ ದಿನ ಒಂದು ಕುರ್ಚಿಯನ್ನೂ ಕಾಫಿಯನ್ನೂ ತಂದು ನನ್ನ ಪಕ್ಕ ಕುಳಿತಳು. ಅವಳಿಗೆ ಕನ್ನಡ ಬಾರದು, ನನಗೆ ಅವಳದು ಬಾರದು. ದಿನಕ್ಕೆ ಎರಡು ತಾಸು ಮಾತಾಡಿದೆವು. ಅವಳು ಸೊಸೆಯ ಬಗ್ಗೆ ಬೈಯುತ್ತಿದ್ದಳು ಎಂದು ನನ್ನ ಅಂದಾಜು. ಮುಖ ನೋಡಿದರೆ ತಿಳಿಯುತ್ತದೆ.

ಒಂದು ದಿನ ಕೂಸಿನ ಗಾಡಿ ತಳ್ಳಿಕೊಂಡು ಬಸ್ಸಿಗೆ ಹೋದೆವು. ಬಸ್ಸು ಬಂದು ನಿಂತಿತು. ನಿಂತದ್ದು ಅಷ್ಟೇ ಅಲ್ಲ, ಉಸ್ ಎಂದು ಉಸಿರು ಬಿಟ್ಟು ನಮ್ಮ ಕಡೆಗೆ ಬಾಗಿತು. ನಮ್ಮ ಗಾಡಿ ಸಲೀಸಾಗಿ ಹತ್ತಲಿ ಎಂದು ಅಷ್ಟು ದೊಡ್ಡ ಬಸ್ಸು ಮಂಡಿ ಊರಿತು. ನನಗೆ ಅಳು ತಡೆಯಲಾಗಲಿಲ್ಲ. ಈ ಬಸ್ಸು ಕಮಲಾಪುರದಲ್ಲಿ ಓಡಿದ್ದರೆ ನಾನು ಜೈಲು ಕಾಣುತ್ತಿರಲಿಲ್ಲ. ಡ್ರೈವರ್ ಮಗಳನ್ನು ಕೇಳಿದ, ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು. ಬಸ್ಸು ನೋಡಿ ಅಳುತ್ತಿದ್ದಾಳೆ ಎಂದು ಹೇಗೆ ಹೇಳುವುದು?

ಆಗ ಅಲ್ಲಿಯೂ ಊರಿನ ಚುನಾವಣೆ ಹತ್ತಿರ ಬಂದಿತ್ತು. ಮೈಕಿಲ್ಲ, ಬ್ಯಾನರಿಲ್ಲ. ಚೌಕದಲ್ಲಿ ನಾಲ್ಕು ಮರದ ಗೂಡು, ಗೂಡಿಗೊಂದು ಪಕ್ಷ. ಕೇಳಿದವರಿಗೆ ಬಿಸಿ ದೋಸೆಯಂಥದ್ದು ಒಂದು, ಚೌಕಳಿ ಚೌಕಳಿ ಗುರುತಿನದು. ನಾನು ನಾಲ್ಕೂ ಕಡೆ ತಿಂದೆ. ಒಬ್ಬರೂ ಆಣೆ ಮಾಡಿಸಿಕೊಳ್ಳಲಿಲ್ಲ, ದೇವರ ಫೋಟೋ ಮುಟ್ಟಿಸಲಿಲ್ಲ. ಇಂಥವರು ಹೇಗೆ ಆರಿಸಿ ಬರುತ್ತಾರೋ!

ಕಾಯುವವರಿಲ್ಲದ ಅಂಗಡಿ

ಊರ ಹೊರಗಿನ ರಸ್ತೆಯಲ್ಲಿ ಒಂದು ಮೇಜು. ಮೇಲೆ ಆಲೂಗಡ್ಡೆ, ಗಜ್ಜರಿ, ಎಲೆಕೋಸು. ಪಕ್ಕದಲ್ಲಿ ಒಂದು ಡಬ್ಬಿ, ಒಂದು ಬೋರ್ಡು. ಅಂಗಡಿಯವರು ಮಾತ್ರ ಇಲ್ಲ. ಮಗಳು ಕೂಸಿನೊಂದಿಗೆ ಅಂಚೆ ಕಚೇರಿಗೆ ಹೋಗಿ ಬರುತ್ತೇನೆ ಎಂದಳು. ನಾನು ಅಲ್ಲೇ ನಿಂತೆ. ನಲವತ್ತು ವರ್ಷ ಒಂದು ಕಣ್ಣು ಗಿರಾಕಿಯ ಮೇಲೆ, ಇನ್ನೊಂದು ಬುಟ್ಟಿಯ ಮೇಲೆ ಇಟ್ಟು ವ್ಯಾಪಾರ ಮಾಡಿದವಳು ನಾನು. ಬಿಟ್ಟು ಹೋಗಲು ಕಾಲು ಬರಲಿಲ್ಲ. ಮೇಜಿನ ಹಿಂದೆ ಕುಳಿತು ಕಾದೆ. ಬಂದವರು ನನ್ನನ್ನು ನೋಡಿ ಗಾಬರಿಯಾದರು. ಒಬ್ಬಾತ ಎಲೆಕೋಸು ಮುಟ್ಟಿ, ನನ್ನ ಕಣ್ಣು ನೋಡಿ, ಅಲ್ಲೇ ಇಟ್ಟು ಹೋದ.

ಒಂದು ತಾಸಿನ ಮೇಲೆ ಸಣ್ಣ ಟ್ರ್ಯಾಕ್ಟರಿನಲ್ಲಿ ಒಬ್ಬ ಎತ್ತರದ ಗಂಡಸು ಬಂದ. ಹೆಸರು ಎರಿಕ್ ಎಂದು ಆಮೇಲೆ ಗೊತ್ತಾಯಿತು. ಆಲೂಗಡ್ಡೆಯ ಪೆಟ್ಟಿಗೆ ಇಳಿಸಿ ಮೇಜಿನ ಮೇಲೆ ಸುರಿದ. ಸಣ್ಣವು ಮೇಲೆ, ದಪ್ಪನವು ಕೆಳಗೆ! ನಾನು ಕೈಗೆ ಹೊಡೆದು, ಎಲ್ಲ ಕೆಡವಿ, ದಪ್ಪನವನ್ನು ಮೇಲೆ ಜೋಡಿಸಿ ತೋರಿಸಿದೆ. ಅವನು ನಕ್ಕು ನನ್ನ ಹಾಗೆಯೇ ಜೋಡಿಸತೊಡಗಿದ. ಒಳ್ಳೆಯ ಹುಡುಗ ಎನಿಸಿತು. ಅಷ್ಟರಲ್ಲಿ ಮಗಳು ಬಂದಳು.

"ಅವ್ವಾ, ಇಲ್ಲಿ ಕುಂತು ಏನ್ ಮಾಡಾಕತ್ತಿ?"

"ಕಾಯಾಕತ್ತೀನಿ. ಕಳ್ಳರು ಹೊತ್ಕೊಂಡ್ ಹೋದ್ರ ಪಾಪ ಈ ಹುಡುಗ ಏನ್ ಮಾಡ್ಬೇಕು?"

ಮಗಳು ಬೋರ್ಡು ಓದಿದಳು. ಕೂಸಿನ ಗಾಡಿ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. "ಯವ್ವಾ, ಇದು ಜೈಲಿನ ತೋಟದ್ದು. ಇಂವ ಕೈದಿ."

ಒಂದು ತಾಸು ನಾನು ಕೈದಿಗಳ ಮಾಲನ್ನು ಒಳ್ಳೆಯವರಿಂದ ಕಾದಿದ್ದೆ.

"ಮತ್ತ ಪೊಲೀಸರು ಎಲ್ಲಿ?"

"ಯಾರೂ ಇಲ್ಲ. ಶಿಕ್ಷಾ ಮುಗೀಲಿಕ್ಕೆ ಬಂದವ್ರು. ಸಂಜಿಗಿ ತಾವೇ ವಾಪಸ್ ಹೋಗ್ತಾರ."

"ಹೋಗ್ಲಿಲ್ಲಂದ್ರ?"

ಮಗಳು ಅದನ್ನು ಅವರ ಭಾಷೆಯಲ್ಲಿ ಕೇಳಿದಳು. ಎರಿಕ್ ಸ್ವಲ್ಪ ಯೋಚಿಸಿ, ಊಟ ತಪ್ಪುತ್ತದೆ ಎಂದ. ಕುಡಿದು ದೋಣಿ ಓಡಿಸಿ ಊರಿನವರು ದೋಣಿ ಕಟ್ಟುವ ಕಟ್ಟೆಯನ್ನು ಮುರಿದಿದ್ದನಂತೆ. ನಾಳೆ ಬಂದು ಎಲೆಕೋಸು ಜೋಡಿಸುವುದನ್ನೂ ಕಲಿಸುತ್ತೇನೆ ಎಂದೆ. ಅವನು ಇಲ್ಲ ಎಂದು ತಲೆಯಾಡಿಸಿದ. ನಾಳೆ ಬಿಡುವಿಲ್ಲ, ಓಟು ಹಾಕಬೇಕು, ಪೆಟ್ಟಿಗೆ ನಮ್ಮ ಜೈಲಿಗೇ ಬರುತ್ತದೆ ಎಂದ.

ನಾನು ಮಗಳ ಮುಖ ನೋಡಿದೆ. "ಸರಿಯಾಗ್ ಕೇಳು. ತಪ್ಪ್ ಹೇಳಾಕತ್ತಾನ."

"ಸರೀನೇ ಅದ ಯವ್ವಾ. ಇಲ್ಲಿ ಜೈಲಿನ್ಯಾಗ ಇದ್ದವ್ರೂ ಓಟ್ ಹಾಕ್ತಾರ."

ಬೀಗತಿಯ ಮಾತು, ನಾಯಿ, ನಾಚಿಕೆ ಎಲ್ಲ ಮರೆತುಹೋಯಿತು. "ನಾನೂ ಬಸ್ಸಿನ ಗಾಜ್ ಒಡದೀನಿ ಅಂತ ಹೇಳು ಅವನಿಗಿ. ಮೂರ್ ತಿಂಗಳು ಒಳಗಿದ್ದೆ ಅಂತ ಹೇಳು. ನನಗ ಓಟ್ ಇಲ್ಲ ಅಂತ ಹೇಳು."

ಮಗಳು ಹೇಳಿದಳು. ಅವನು ಆಲೂಗಡ್ಡೆ ಕೈಯಲ್ಲಿ ಹಿಡಿದು ಹಾಗೇ ನಿಂತ. ಒಂದು ಗಾಜಿಗೆ ಜನ್ಮಪೂರ್ತಿಯೇ ಎಂದು ಕೇಳಿದ.

"ಗಾಜು ದೊಡ್ಡದಿತ್ತು," ಎಂದೆ. ಪರದೇಶದಲ್ಲಿ ನಮ್ಮ ಕಾನೂನಿನ ಮರ್ಯಾದೆ ಕಾಯಬೇಕಲ್ಲ!

ಆದರೆ ಮಗಳು ನಗುವುದನ್ನು ನಿಲ್ಲಿಸಿದ್ದಳು. "ಅವ್ವಾ, ಓಟ್ ಇಲ್ಲ ಅಂತ ಯಾರ್ ಹೇಳ್ಯಾರ ನಿನಗ?"

"ಜೈಲಿನ್ಯಾಗ ಕಾವಲಿದ್ದ ಬಾಯಿ."

"ಹನ್ನೊಂದ್ ವರ್ಷ ಆತಲ್ಲ! ನೀ ಸಿಟ್ಟಿಲೇ ಹಾಕಂಗಿಲ್ಲ ಅಂತ ನಾ ತಿಳಕೊಂಡಿದ್ದೆ." ಅಲ್ಲೇ ನಿಂತು ಫೋನು ತೆಗೆದು ಓದಿದಳು. ಓದುತ್ತ ಓದುತ್ತ ಅವಳ ಮುಖ ಕೆಂಪಾಯಿತು. "ಒಳಗ ಇರೋ ತನಕ ಅಷ್ಟೇ ಓಟ್ ಇಲ್ಲ. ಹೊರಗ ಬಂದ ದಿನಾನೇ ನಿನ್ನ ಓಟ್ ನಿನಗ. ಹೊಳ್ಳಿ ಯಾರೂ ಕೊಡೂದೂ ಬೇಕಾಗಿಲ್ಲ."

"ಆ ಫೋನ್ ನಾರ್ವೇದು. ಅದಕ್ಕೇನ್ ಗೊತ್ತು ಕಮಲಾಪುರದ ಸುದ್ದಿ?" ಎಂದೆ. ಬಾಯಿ ಹಾಗೆ ಅಂದಿತು. ಕೈ ಆಗಲೇ ಲೆಕ್ಕಕ್ಕೆ ಇಳಿದಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ಚುನಾವಣೆ ಹೋದವು ಎಂದು ಬೆರಳಿನಲ್ಲಿ ಎಣಿಸಲು ನೋಡಿದೆ, ಎಣಿಕೆ ಮುಂದೆ ಹೋಗಲಿಲ್ಲ. ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು.

ಮನೆಯ ಮುಂದೆ ಇಂಗ್ರಿಡ್ ಕಾಫಿ ಹಿಡಿದು ಕುಳಿತಿದ್ದಳು. ಮಗಳು ನನ್ನನ್ನು ಕೇಳದೆ ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಳು. ಮುಗಿಯಿತು, ಇನ್ನು ನನ್ನನ್ನು ಕೂಸಿನ ಹತ್ತಿರ ಬಿಡುವುದಿಲ್ಲ ಎಂದು ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಇಂಗ್ರಿಡ್ ಗಂಭೀರವಾಗಿ ಒಂದೇ ಪ್ರಶ್ನೆ ಕೇಳಿದಳು: ಗೊನೆಯನ್ನು ಎಷ್ಟು ದೂರದಿಂದ ಎಸೆದಳು? ನಾನು ಎದ್ದು ಹೆಜ್ಜೆ ಹಾಕಿ ತೋರಿಸಿದೆ. ಅವಳು ಚಪ್ಪಾಳೆ ತಟ್ಟಿ, ಗಾಡಿಯಲ್ಲಿದ್ದ ಕೂಸನ್ನು ಎತ್ತಿ ನನ್ನ ಉಡಿಗೆ ಹಾಕಿದಳು.

ಮರುದಿನ ಜೈಲಿಗೆ ಪೆಟ್ಟಿಗೆ ಒಯ್ಯುವವಳು ಅವಳೇ ಎಂದು ಆಗ ಗೊತ್ತಾಯಿತು. ಹಿಂದಿನ ವಾರ ಎಲ್ಲ ಪಕ್ಷದವರೂ ಅಲ್ಲಿಗೆ ಹೋಗಿ ಕೈದಿಗಳ ಮುಂದೆ ಭಾಷಣ ಮಾಡಿ ಬಂದಿದ್ದರಂತೆ. ಅಲ್ಲಿನ ನಾಯಕರು ಜೈಲಿಗೆ ಹೋಗಿ ಓಟು ಕೇಳಿ ಸಂಜೆ ಮನೆಗೆ ಬರುತ್ತಾರೆ. ನಮ್ಮವರು ಜೈಲಿನಲ್ಲಿದ್ದೇ ಓಟು ಕೇಳುತ್ತಾರೆ, ಗೆದ್ದು ಮನೆಗೆ ಬರುತ್ತಾರೆ. ಯಾರ ತಲೆ ಹೆಚ್ಚು ಓಡುತ್ತದೆ ನೀವೇ ಹೇಳಿ.

ಗ್ರಂಥಾಲಯ

ಜೈಲಿನವರ ಓಟು ಮುಗಿದ ಕೆಲವು ದಿನಕ್ಕೆ ಊರಿನವರ ಓಟು. ಊರಿನ ಗ್ರಂಥಾಲಯದಲ್ಲಿ ಸಣ್ಣ ಸಣ್ಣ ಪರದೆಯ ಗೂಡುಗಳು. ಅಲ್ಲಿ ಮೂರು ವರ್ಷ ಇದ್ದವರಿಗೆ, ಪರದೇಶದವರಾದರೂ, ಊರಿನ ಚುನಾವಣೆಯಲ್ಲಿ ಓಟಿದೆ. ಮಗಳೂ ಅಳಿಯಂದಿರೂ ಹೊಸ ಅರಿವೆ ತೊಟ್ಟು ಬಂದಿದ್ದರು. ಮೇಜಿನ ಹಿಂದೆ ಇಂಗ್ರಿಡ್ ಮೊಹರು ಹಿಡಿದು ಕುಳಿತಿದ್ದಳು, ನನ್ನ ಗುರುತೇ ಇಲ್ಲ ಎಂಬಂತೆ.

ಮಗಳು ಕೂಸನ್ನು ಎದೆಗೆ ಕಟ್ಟಿಕೊಂಡೇ ಪರದೆಯೊಳಗೆ ಹೋದಳು. ನಾನೂ ಹಿಂದೆ ಹೊರಟೆ. ಇಂಗ್ರಿಡ್ ಕೈ ಅಡ್ಡ ಹಿಡಿದಳು. ಇಷ್ಟು ದಿನ ಕಾಫಿ ಕುಡಿದವಳು! ಸಣ್ಣ ಮಕ್ಕಳು ಹೋಗಬಹುದು, ದೊಡ್ಡವರು ಒಬ್ಬರ ಜೊತೆ ಇನ್ನೊಬ್ಬರು ಹೋಗುವ ಹಾಗಿಲ್ಲ ಎಂದು ಅಳಿಯಂದಿರು ತಿಳಿಸಿ ಹೇಳಿದರು. ನನ್ನ ಮೊಮ್ಮಗಳು ಎರಡು ತಿಂಗಳಿಗೇ ಪರದೆಯೊಳಗೆ ಹೋಗಿ ಬಂದಳು. ನಾನು ಹೊರಗೆ ನಿಂತೆ. ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆ‍ಯಿತು. ಎರಡೂ ಒಂದೇ ಸಲ ಆದರೆ ಹೇಗಿರುತ್ತದೆ ಎಂದು ಹೇಳಲು ನನಗೆ ಓದು ಸಾಲದು.

ಹೊರಗೆ ಬಂದ ಮೇಲೆ ಅಳಿಯಂದಿರು ಮೆಲ್ಲಗೆ ಕೇಳಿದರು: "ಯಾರಿಗಿ ಹಾಕಿದಿ?"

"ಪರದಿ ಯಾಕ ಕಟ್ಟ್ಯಾರ ಮತ್ತ?" ಎಂದಳು ಮಗಳು. ಅವರು ನಕ್ಕರು.

ನಾನು ದಂಗಾದೆ. ಜೈಲಿಗೆ ಹೋಗುವ ಮೊದಲು ನಾನು ಓಟು ಹಾಕುತ್ತಿದ್ದಾಗ ನಮ್ಮ ಮನೆಯವರು ಹಿಂದಿನ ದಿನವೇ ಗುರುತು ಹೇಳುತ್ತಿದ್ದರು, ನಾನು ಅದನ್ನೇ ಒತ್ತುತ್ತಿದ್ದೆ. ಬಂದ ಮೇಲೆ, ಸರಿಯಾಗಿ ಒತ್ತಿದೆಯಾ ಎಂದು ಒಪ್ಪಿಸಿಕೊಳ್ಳುತ್ತಿದ್ದರು. ಓಟು ಎಂದರೆ ಅಷ್ಟೇ ಎಂದುಕೊಂಡಿದ್ದೆ. ಅದೂ ಹೋದ ಮೇಲೆ, ಹೋದದ್ದೇನು ಎಂದು ನೋಡಿದ್ದು ಈ ಪರದೆಯ ಹೊರಗೆ ನಿಂತಾಗಲೇ.

ವೀಸಾ ಮುಗಿದ ದಿನ ಕೂಸಿನ ಕೈಯನ್ನು ನನ್ನ ಬೆರಳಿನಿಂದ ಬಿಡಿಸಲು ಮೂವರು ಬೇಕಾಯಿತು. ಕೂಸನ್ನು ಅಲ್ಲ, ನನ್ನನ್ನು ಹಿಡಿಯಲು. ನಾನು ಅಷ್ಟು ಅತ್ತೆ. ಇಂಗ್ರಿಡ್ ಕೂಡ ಅತ್ತಳು, ಸದ್ದಿಲ್ಲದೆ, ಎರಡು ಮಾರು ದೂರ ನಿಂತು.

ಮತ್ತೆ ಕಮಲಾಪುರ

ಬಂದ ಮರುದಿನ ಬುಟ್ಟಿಯನ್ನೂ ಎತ್ತದೆ ಸಾಲೆಗೆ ಹೋದೆ. ಮಾಸ್ತರರು ಕೋಟನೂರಿನಿಂದ ಬಸ್ಸಿಗೆ ಬರುವವರು, ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನ ಹೆಸರನ್ನು ಮತ್ತೆ ಸೇರಿಸಿಕೊಳ್ಳಿ, ಎಷ್ಟು ಸಲ ಅಲೆದಾಡಬೇಕೋ ಅಲೆಯುತ್ತೇನೆ ಎಂದೆ.

"ಸೇರ್ಸೂದಾ? ನಿಮ್ಮ ಹೆಸರ ಯಾವಾಗ ತಗದೀನ್ರಿ ಕಾಕಿ?"

"ಕಾರ್ಡ್ ಕೊಟ್ಟು ಹೋಗಿದ್ನಲ್ರಿ, ಹನ್ನೊಂದ್ ವರ್ಷದ ಹಿಂದ."

"ಕೊಟ್ಟಿದ್ರಿ. ನಾ ಏನ್ ಮಾಡ್ಬೇಕಿತ್ತು?" ಅವರು ಎದ್ದು ಕಪಾಟಿನ ಬೀಗದ ಜೊತೆ ಗುದ್ದಾಡತೊಡಗಿದರು. "ಸತ್ತವ್ರಿಗಿ ಒಂದ್ ಫಾರಂ ಅದ. ಊರ್ ಬಿಟ್ಟವ್ರಿಗಿ ಒಂದ್ ಫಾರಂ ಅದ. ನಾಚ್ಕೊಂಡು ವಾಪಸ್ ಕೊಟ್ಟವ್ರಿಗಿ ಫಾರಂ ಇಲ್ರಿ. ಅದಕ್ಕ ಇಲ್ಲೇ ಇಟ್ಟೀನಿ."

ಹರಿದ ನಕಾಶೆಗಳ ಕೆಳಗಿನಿಂದ ನನ್ನ ಕಾರ್ಡು ಬಂತು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ನನ್ನ ಮುಖವನ್ನು ಬಿಟ್ಟಿತ್ತು. ಪಟ್ಟಿ ತೆಗೆದು ತೋರಿಸಿದರು. ಕಾಶೀಬಾಯಿ, ಗಂಡನ ಹೆಸರು, ಮನೆ ನಂಬರು. ಒಂದು ವರ್ಷವೂ ನಾನು ಅಲ್ಲಿಂದ ಎದ್ದು ಹೋಗಿರಲಿಲ್ಲ. ಕಾನೂನು ನನ್ನನ್ನು ಬಿಟ್ಟರೂ ನಾನೇ ನನ್ನನ್ನು ಹಿಡಿದಿಟ್ಟಿದ್ದೆ, ಸರ್ಕಾರದ ಆಲಸ್ಯ ನನ್ನನ್ನು ಉಳಿಸಿತ್ತು. ಇನ್ನು ಮೇಲೆ ಸರ್ಕಾರಿ ಕೆಲಸ ತಡವಾದರೆ ನಾನು ಬೈಯುವುದಿಲ್ಲ.

"ಪ್ರತಿ ಚುನಾವಣಿಗಿ ನಿಮ್ಮ ಚೀಟಿ ಮನಿಗಿ ಕೊಟ್ಟೀನಲ್ರಿ," ಎಂದರು ಮಾಸ್ತರರು. "ಕಾಕಾರ ಕೈಯಾಗೇ ಕೊಟ್ಟೀನಿ."

ಮನೆಗೆ ಬಂದೆ. ನಮ್ಮ ಮನೆಯವರು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ನನ್ನ ಓಟಿನ ಚೀಟಿ ಬರ್ತಿತ್ತಂತಲ್ರಿ?"

ಶೇಂಗಾ ಸುಲಿಯುವ ಕೈ ನಿಂತಿತು. "ಬರ್ತಿತ್ತು. ಹರದ್ ಒಗೀತಿದ್ದೆ."

"ಯಾಕ್ರೀ?"

"ಅವ್ರು ತಪ್ಪಿ ಕೊಟ್ಟಾರ ಅಂತ ತಿಳದೆ. ನೀ ಹೋಗಿ ಹಾಕ್ದಿ, ಜೈಲಿಗಿ ಹೋದಾಕಿ ಓಟ್ ಹಾಕ್ಯಾಳ ಅಂತ ಮತ್ತ ಹಿಡದ್ರಂದ್ರ? ಮತ್ತ ಮೂರ್ ತಿಂಗಳಂದ್ರ? ರೊಟ್ಟಿ ಬಡದ್ ಬಡದ್ ಕೈ ಸುಟ್ಕೊಂಡಿದ್ದು ನನಗ ಗೊತ್ತು."

ನನ್ನ ಮೇಲಿನ ಜೀವವೋ ರೊಟ್ಟಿಯ ಮೇಲಿನ ಜೀವವೋ, ಕೇಳಲಿಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ತಪ್ಪನ್ನು ಒಬ್ಬರಿಗೊಬ್ಬರು ಹೇಳದೆ ನಂಬಿದ್ದೆವು. ಬೈಯಬೇಕೆಂದು ಬಾಯಿ ತೆರೆದೆ, ನಗು ಬಂತು. ಪಕ್ಕದಲ್ಲಿ ಕುಳಿತು ಶೇಂಗಾ ಸುಲಿದೆ.

ಬೇಸಿಗೆಯಲ್ಲಿ ಚುನಾವಣೆ ಬಂತು. ನಾನು ಬುಟ್ಟಿಯಿಲ್ಲದೆ ಸಾಲಿನಲ್ಲಿ ನಿಂತದ್ದೇ ತಡ, ಮೂರು ಪಕ್ಷದ ಹುಡುಗರು ಓಡಿ ಬಂದರು. "ಕಾಕಿ, ಬಿಸಲಾಗ ಯಾಕ್ರೀ? ನೆಳ್ಳಿಗಿ ಬರ್ರಿ. ಏ, ಕಾಕಿಗಿ ಕುರ್ಚಿ ತಗೊಂಡ್ ಬಾ." ಇದೇ ಹುಡುಗರು ಇದೇ ಜಾಗದಲ್ಲಿ ಇದೇ ಬಿಸಿಲಿನಲ್ಲಿ ನನ್ನ ಹತ್ತಿರ ಹಣ್ಣು ಕೊಂಡಿದ್ದಾರೆ. ಆಗ ಬಿಸಿಲು ಅವರಿಗೆ ಕಂಡಿರಲಿಲ್ಲ.

ಒಳಗೆ ಅಧಿಕಾರಿ ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಗೋಡೆಗೆ ಕುಳಿತ ಏಜೆಂಟರು ಪಟ್ಟಿಯಲ್ಲಿ ಬೆರಳಾಡಿಸಿದರು. ಯಾರಾದರೂ ಎದ್ದು, ಇವಳು ಜೈಲಿನವಳು ಎನ್ನುತ್ತಾರೆ ಎಂದು ನಾನು ಅವರ ಬೆರಳನ್ನೇ ನೋಡಿದೆ. ಫ್ಯಾನು ತಿರುಗುತ್ತಿತ್ತು. ಒಬ್ಬ ಆಕಳಿಸಿದ. ಬೆರಳಿಗೆ ಶಾಯಿ ಬಿತ್ತು, ತಣ್ಣಗೆ. ರಟ್ಟಿನ ಮರೆಗೆ ಹೋದೆ. ಬಟನ್ನುಗಳ ಪಕ್ಕದ ಹೆಸರುಗಳನ್ನು ಮೇಲಿನಿಂದ ಕೆಳಗಿನ ತನಕ, ನಾಲ್ಕನೆಯ ಇಯತ್ತೆಯ ಓದಿನಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹೊರಗಿನಿಂದ, "ಅವ್ವಾ, ಆತೇನ್ರಿ?" ಎಂದರು. "ತಡೀರಿ, ಹನ್ನೊಂದ್ ವರ್ಷದ್ದು ಅದ," ಎಂದೆ. ಒತ್ತಿದೆ. ಯಂತ್ರ ಉದ್ದಕ್ಕೆ ಕೂಗಿತು.

ಸಾಲೆಯ ಗೇಟಿನ ಹೊರಗೆ ಬಂದು ಮಗಳಿಗೆ ಫೋನು ಹಚ್ಚಿ ಬೆರಳು ತೋರಿಸಿದೆ. ಗೌರಿಗೆ ಈಗ ಎರಡು ಹಲ್ಲು, ಫೋನನ್ನೇ ಕಚ್ಚಲು ಬಂದಳು. ನಮ್ಮ ಮನೆಯವರು ಬೇವಿನ ಗಿಡದ ಕೆಳಗೆ ಕಾಯುತ್ತಿದ್ದರು.

"ನಾ ಹೇಳಿದ್ದೇ ಒತ್ತಿದಿ ಹೌದಲ್ಲೋ?"

ನಾನು ಮುಂದೆ ನಡೆದೆ. ಬಸ್‌ಸ್ಟ್ಯಾಂಡ್ ದಾಟುವಾಗ ಮತ್ತೆ ಕೇಳಿದರು. ಮನೆಗೆ ಬಂದು ನೀರು ಕೊಟ್ಟಾಗ ಕೇಳಿದರು. ರೊಟ್ಟಿಗೆ ಹಿಟ್ಟು ನಾದುವಾಗ ಒಲೆಯ ಹತ್ತಿರವೇ ಬಂದು ಕುಕ್ಕರಗಾಲಲ್ಲಿ ಕುಳಿತು, ನಿಂತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ನನ್ನ ಮುಖವನ್ನೇ ನೋಡತೊಡಗಿದರು.

ನಾನು ಎಲ್ಲ ಹೆಸರಿಗೂ ಒಂದೇ ಹಾಗೆ ನಕ್ಕೆ.